ಚರ್ಚಿನ ಗೋಡೆಯ ಮೇಲೆ ನಮ್ಮವರ ಹೆಸರು

ಜೋಗೇಶ್ವರಿ, ೧೨-೩-೧೯೭೧

ಅಕ್ಕಾ, ನಮಸ್ಕಾರ.

ಇಲ್ಲೊಂದು ಹಳೆಯ ಚರ್ಚಿನ ರಿಪೇರಿಯಲ್ಲಿದ್ದೇವೆ. ಗೋಡೆಯ ತುಂಬ ಮುನ್ನೂರು ವರ್ಷದ ಹಿಂದೆ ನಾವಿಕರು ಕೆತ್ತಿದ ಹಡಗುಗಳು, ಹೆಸರುಗಳು. ಗೋಡೆ ಕಟ್ಟಿದ ಕೂಲಿಯವರ ಹೆಸರು ಒಂದೂ ಇಲ್ಲ! ಊಟದ ಹೊತ್ತಿನಲ್ಲಿ ಈ ಅನ್ಯಾಯದ ಕುರಿತು ಭಾಷಣ ಮಾಡಿದೆ. ನನ್ನ ಜೊತೆ ಕೆಲಸ ಮಾಡುವ ಹನ್ನೊಂದು ಜನರಿಗೆ ಅಕ್ಷರ ಬಾರದು, ಹಾಗಾಗಿ ಎಲ್ಲರ ಹೆಸರನ್ನೂ ನಾನೇ ಕೆತ್ತಿದೆ.

ಪಾದ್ರಿ ಬಂದು "ಕೌನ್ ಕಿಯಾ ಯೇ?" ಎಂದು, ಇದನ್ನು ಮಾಡಿದವರು ಯಾರೆಂದು ಹಿಂದಿಯಲ್ಲಿ ಗುಡುಗಿದರು. "ಇವನೇ ರೀ ಫಾದರ್!" ಎಂದು ಹನ್ನೊಂದು ಬೆರಳೂ ನನ್ನತ್ತ ತಿರುಗಿದವು. ಇಂಥ ಒಗ್ಗಟ್ಟನ್ನು ನಾನು ಮುಷ್ಕರದಲ್ಲೂ ಕಂಡಿಲ್ಲ.

ಭಾನುವಾರದೊಳಗೆ ಹೆಸರು ಮುಚ್ಚದಿದ್ದರೆ ಎಲ್ಲರ ಕೆಲಸವೂ ಹೋಗುತ್ತದೆ ಎಂದಿದ್ದಾರೆ ಪಾದ್ರಿ. ಗಾರೆ ಕಲಸಿಟ್ಟಿದ್ದೇನೆ. ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ.

ಈಗಷ್ಟೇ ನಮ್ಮ ಗುಂಪಿನ ಮಲ್ಲಕ್ಕ ಬಂದು, "ಅಣವೀರಾ, ನನ್ನ ಹೆಸರಿನ ಮ್ಯಾಲ ಗಾರೆ ತುಸು ತೆಳ್ಳಗ ಹಚ್ಚೋ, ಯಾರಿಗೂ ಹೇಳಬ್ಯಾಡ" ಎಂದು ಪಿಸುಗುಟ್ಟಿ ಹೋದಳು. ಹೀಗೆ ಗುಟ್ಟಾಗಿ ಕೇಳಿದವರಲ್ಲಿ ಅವಳು ಹನ್ನೊಂದನೆಯವಳು.

ಅವಸರದಲ್ಲಿ,
ನಿನ್ನ ತಮ್ಮ ಅಣವೀರಪ್ಪ