ಅಕ್ಕ ಆರಾಮಾಗಿದ್ದೇನೆ ಎಂದಳು, ನೀವು ನಂಬಿಬಿಟ್ಟಿರಿ

ನೆರವು ಇಲಾಖೆಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನ ಆಕ್ಸಿಜನ್ ಯಂತ್ರವನ್ನು ಈ ವಾರ ನಿಮ್ಮವರು ಹೊತ್ತುಕೊಂಡು ಹೋಗಲಿದ್ದಾರೆ. ಅದಿಲ್ಲದೆ ಅವಳು ಅಡುಗೆಮನೆಯಿಂದ ಹಜಾರದವರೆಗೂ ಬರಲಾರಳು. ನನಗೆ ಭಯವಾಗಿದೆ. ಅದಕ್ಕೇ ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ಅಕ್ಕ ಹತ್ತಿ ಗಿರಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವಳು. ಯಂತ್ರ ಕೊಟ್ಟವರು ನೀವೇ. ಆ ಪುಣ್ಯವನ್ನು ಇಲ್ಲವೆನ್ನಲಾರೆ. ಹೋದ ತಿಂಗಳು ನಿಮ್ಮ ಕಚೇರಿಯ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, “ಹೇಗಿದ್ದೀರಾ ಅಮ್ಮಾ?” ಎಂದಳು. ಅಕ್ಕ ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ, “ಆರಾಮಾಗಿದೀನಿ ತಾಯಿ, ನೀನು ಹೇಗಿದೀಯಾ?” ಎಂದಳು. ಅಷ್ಟೇ. ರೋಗಿ ಗುಣವಾಗಿದ್ದಾರೆ ಎಂದು ಬರೆದುಕೊಂಡಿರಿ, ಯಂತ್ರ ವಾಪಸ್ ಒಯ್ಯುತ್ತೇವೆ ಎಂದು ಚೀಟಿ ಕಳಿಸಿದಿರಿ.

“ಯಾಕಕ್ಕಾ ಹಾಗಂದೆ?” ಎಂದು ಕೇಳಿದೆ.

“ಇನ್ನೇನು ಅನ್ಲಿ? ಮುಖ ನೋಡದ ಹುಡುಗಿ, ಅಷ್ಟು ಅಕ್ಕರೆಯಿಂದ ಕೇಳಿದ್ಲು. ಅವಳ ಮುಂದೆ ಗೋಳು ತೋಡ್ಕೊಳ್ಳೋದಾ?”

ಮಾನ್ಯರೇ, ಯಾರಾದರೂ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇವೆ ಎನ್ನುವುದು ನಮ್ಮ ಮನೆಗಳಲ್ಲಿ ಮರ್ಯಾದೆ. ಅದು ಕ್ಷೇಮಸಮಾಚಾರವಲ್ಲ, ಪರೀಕ್ಷೆ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಕಷ್ಟದಲ್ಲಿರುವವರು ನೆರವು ಕೇಳಿರಿ ಎಂದು ಕಚೇರಿಯ ಗೋಡೆಗೆ ಆಳೆತ್ತರದ ಅಕ್ಷರ ಬರೆಸಿದ್ದೀರಿ. ಹೇಗೆ ಕೇಳಬೇಕೆಂದು ಬರೆಸಲು ಗೋಡೆ ಸಾಲಲಿಲ್ಲವೇ?

ನಿಮ್ಮ ಸಹಾಯ ಕಿಂಡಿಗೂ ಹೋಗಿದ್ದೆ. ಅಲ್ಲಿದ್ದ ಗುಮಾಸ್ತರು ತಲೆಯೆತ್ತದೆ, “ರೋಗಿನೇ ಬಂದು ಹೇಳ್ಬೇಕು. ಕರ್ಕೊಂಡು ಬನ್ನಿ” ಎಂದರು.

“ಮೆಷಿನ್ ಬಿಟ್ಟು ಬರಕ್ಕಾಗಲ್ಲ ಸಾರ್.”

“ಬಂದುಬಿಟ್ರೆ ಆರಾಮಾಗಿದಾರೆ ಅಂತಲೇ ಆಯ್ತಲ್ಲ. ಬರದಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?”

ಹಿಂದೆ ನಿಂತವರು ನಕ್ಕರು. ನಾನೂ ನಕ್ಕೆ.

ನಾನು ಕ್ಷೌರದ ಅಂಗಡಿಯವನು. ಈಗ ಬೀದಿಯಲ್ಲಿ ಟೆಂಪೊ ಸದ್ದಾದರೆ, ಯಂತ್ರ ಒಯ್ಯಲು ನಿಮ್ಮವರೇ ಬಂದರೇನೋ ಎಂದು ನನ್ನ ಕತ್ತಿ ಗಿರಾಕಿಯ ಗಂಟಲ ಮೇಲೆಯೇ ನಿಂತುಬಿಡುತ್ತದೆ. ನಿನ್ನೆ ಒಬ್ಬರು, “ಅಣ್ಣಾ, ಮೊದಲು ಕತ್ತಿ ತೆಗಿ, ಆಮೇಲೆ ಹೆದರ್ಕೋ” ಎಂದರು. ಅವರಿಗೂ ನನ್ನ ಕತೆ ಹೇಳಿದೆ. ಅವರ ಚಿಕ್ಕಪ್ಪನಿಗೂ ಅಂಥದೇ ಫೋನ್ ಬಂದಿತ್ತಂತೆ. ಹಾಗಾದರೆ ನಿಮ್ಮ ಫೋನಿನಲ್ಲಿ ಗುಣವಾದವರು ಇನ್ನೆಷ್ಟು ಜನ? ಅವರೆಲ್ಲ ಈಗ ಬದುಕಿದ್ದಾರೆಯೇ? ಒಮ್ಮೆಯಾದರೂ ಹೋಗಿ ನೋಡಿದ್ದೀರಾ?

ನಾನು ಕೇಳುವುದಿಷ್ಟು. ವೈದ್ಯರೊಬ್ಬರು ಮನೆಗೆ ಬಂದು ನೋಡುವ ತನಕ ಯಾರ ಯಂತ್ರವನ್ನೂ ಮುಟ್ಟಬೇಡಿ. ಫೋನ್ ಮಾಡುವವರು, ಈ ಉತ್ತರದ ಮೇಲೆ ನಿಮ್ಮ ನೆರವು ನಿಂತಿದೆ ಎಂದು ಮೊದಲೇ ಬಾಯಿಬಿಟ್ಟು ಹೇಳಲಿ. ಕಿಂಡಿಯಲ್ಲಿ ತಲೆಯೆತ್ತಿ ಮಾತಾಡುವ ಒಬ್ಬರನ್ನು ಕೂರಿಸಿ.

ನಿಮ್ಮವರು ಬಂದಾಗ ನಾನು ಅಂಗಡಿಯಲ್ಲಿರಬಹುದು. ಅಕ್ಕ ಬಾಗಿಲು ತೆರೆದು, ಬಿಸಿಲಲ್ಲಿ ಬಂದಿರಲ್ಲ ಎಂದು ಮರುಗಿ, ಯಂತ್ರ ಭಾರವಿದೆ, ಜೋಪಾನ ಎಂದು ತಾನೇ ಪ್ಲಗ್ ಕಿತ್ತುಕೊಟ್ಟಾಳು. ದಯವಿಟ್ಟು ಆಗ ಅವಳ ಮಾತು ಕೇಳಬೇಡಿ. ಉಸಿರು ಸಾಲದೆ ನೀಲಿಗಟ್ಟುವ ಅವಳ ತುಟಿ ನೋಡಿ.

ಇಂತಿ,
ಸ್ವಲ್ಪವೂ ಆರಾಮಾಗಿಲ್ಲದ,
ಅವಳ ತಮ್ಮ