ಡ್ರಮ್ಮಿನ ಬಾಯಿಗೆ ಪಂಚೆ

ರೀ,

ತಾರಸಿ ನೀರು ಬೀಳೋ ಡ್ರಮ್ಮಲ್ಲಿ ಸೊಳ್ಳೆಮರಿ ಕುಣೀತಾವೆ. ಬಾಯಿಗೆ ಕಟ್ಟಿದ್ದ ಹಳೇ ಪಂಚೆ ಬಿಚ್ಚಿ ಹಂಗೇ ಬಿಟ್ಟಿದ್ದು ನೀವೇ.

ಮಳೆನೀರು ಚರಂಡಿಗೆ ಚೆಲ್ಲಬೇಡಿ. ಅಷ್ಟನ್ನೂ ಹೀರೆಬಳ್ಳಿಗೆ, ಬದನೆಗಿಡಕ್ಕೆ ಹಾಕಿ. ಮರಿಗಳು ಮಣ್ಣಲ್ಲೇ ಸಾಯ್ತವೆ. ಆಮೇಲೆ ಡ್ರಮ್ ಉಜ್ಜಿ ತೊಳೆದು ಪಂಚೆ ಬಿಗಿಯಾಗಿ ಕಟ್ಟಿ.

ಬಸ್ಸಾರು ಒಲೆ ಮೇಲೈತೆ. ಕೆಲಸ ಮುಗಿಸಿ ಉಣ್ಣಿ.

ಇವತ್ತು ಡೆಂಗಿ ಸರ್ವೆ ನಮ್ಮ ಬೀದೀಲೇ. ಆಶಾ ಕಾರ್ಯಕರ್ತೆ ನಾನಲ್ವಾ, ಆಸ್ಪತ್ರೆ ಮೇಡಂ ಜೊತೆ ನಮ್ಮನೆ ಬಾಗಿಲನ್ನೂ ನಾನೇ ತಟ್ಟಬೇಕು. ನಗಬೇಡಿ. “ಡ್ರಮ್ ಮುಚ್ಚಿಟ್ಟಿದ್ದೀರಾ?” ಅಂತ ಕೇಳ್ತೀನಿ. “ಹೂಂ” ಅನ್ನಿ, ಸಾಕು. ಹೋದ ಸಲದಂಗೆ “ನಮ್ಮೆಂಗಸ್ರು ಎತ್ಲಾಗೋ ಹೋಗವ್ರೆ, ಬಂದ್ಮೇಲೆ ಕೇಳ್ಕಳಿ” ಅಂತ ನನಗೇ ಹೇಳಬೇಡಿ.