ನಡುಬೆರಳಿನ ಪಿಕ್ಕು

ಮಾರ್ಚ್ ೨, ಬೆಳಿಗ್ಗೆ ೬-೪೦

ಎಂದಿನಂತೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ನಲವತ್ತು ನಿಮಿಷದ ಅಭ್ಯಾಸ. ಎಡಗೈಯ ಉಕ್ಕಿನ ಸರಳಿನ ಬಗ್ಗೆ ದೂರಿಲ್ಲ — ತಂತಿಯ ಮೇಲೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ಇವೆರಡಕ್ಕೆ ತಂತಿ ಮೀಟಲು ತೊಡುವ ಪಿಕ್ಕುಗಳ ಬಗ್ಗೆಯೂ ಆಕ್ಷೇಪಣೆ ಇರುವುದಿಲ್ಲ. ತಕರಾರೆಲ್ಲ ನಡುಬೆರಳಿನದು. ಸದರಿ ಪಿಕ್ಕು ಇಂದು ಹನ್ನೊಂದು ಸಲ ಸುತ್ತ ತಿರುಗಿತು, ಎರಡು ಸಲ ಹಾರಿತು. ಎರಡನೆಯ ಸಲ ತಂಗಿಯ ಚಹಾ ಲೋಟದೊಳಗೆ.

"ಸಕ್ಕರೆ ಸರಿಯಾಗೇ ಇತ್ತಲ್ಲ, ಅಕ್ಕ" ಎಂದು ಚಮಚದಲ್ಲಿ ಎತ್ತಿ ಕೊಟ್ಟಳು.

ಕಾರಣ ಹೊಸದಲ್ಲ. ನಡುಬೆರಳಿನ ತುದಿಗೆಣ್ಣಿನ ಪಕ್ಕ, ಹೆಬ್ಬೆರಳಿನ ಕಡೆಗೆ, ಅರ್ಧ ಬಟಾಣಿಯಷ್ಟು ಜಡ್ಡು. ದಾಖಲೆ ಕಚೇರಿಯಲ್ಲಿ ಮೂವತ್ತಾರು ವರ್ಷ ಪರರ ಅರ್ಜಿಗಳ ಶುದ್ಧಪ್ರತಿ ಬರೆದದ್ದರ ಸಂಪಾದನೆ. ಪೆನ್ನು ಅಲ್ಲಿ ಕೂರುತ್ತಿತ್ತು. ಈಗ ಬೆರಳನ್ನು ತಬ್ಬಬೇಕಾದ ಪಿಕ್ಕಿನ ರೆಕ್ಕೆಯೂ ಅಲ್ಲೇ ಕೂರಬೇಕು. ಒಂದೇ ಕುರ್ಚಿಗೆ ಇಬ್ಬರು ಹಕ್ಕುದಾರರು.

ಅದೇ ದಿನ, ಸಂಜೆ ೭

ಮೇಷ್ಟ್ರ ಮನೆಯಿಂದ ಈಗಷ್ಟೇ ಬಂದೆ. ಚಪ್ಪಲಿ ಬಿಟ್ಟದ್ದು ಬಾಗಿಲಲ್ಲೋ ಹಾದಿಯಲ್ಲೋ ನೆನಪಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಗಿಟಾರ್ ಮೇಷ್ಟ್ರು ಮಗಳ ಮನೆಗೆ ಹೊರಟಿದ್ದಾರೆ, ತಿಂಗಳ ಕೊನೆಗೆ. ಎಂಟು ತಂತಿಯ ತಮ್ಮ ಸ್ಟೀಲ್ ಗಿಟಾರನ್ನು ಒಯ್ಯುವುದಿಲ್ಲವಂತೆ. ಶಿಷ್ಯರೆಂದು ಉಳಿದಿರುವವರು ಇಬ್ಬರೇ — ನಾನು ಮತ್ತು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇಪ್ಪತ್ತೆಂಟಕ್ಕೆ ಬನ್ನಿ. ನಾನು ಕಟ್ಟಿದ ಆ ಸಂಜೆ ಧಾಟಿ ಇದೆಯಲ್ಲ, ಅದನ್ನ ಒಬ್ಬೊಬ್ಬರೇ ನುಡಿಸಿ. ಯಾರದ್ದು ನನಗೆ ಕೊನೇತನಕ ಕೇಳಿಸುತ್ತೋ ಅವರ ಮನೆಗೆ ಹೋಗ್ಲಿ ಇದು."

"ಕೇಳಿಸೋದು ಅಂದ್ರೆ, ಮೇಷ್ಟ್ರೇ?" ಎಂದರು ಮ್ಯಾನೇಜರ್.

"ಕೇಳಿಸೋದು ಅಂದ್ರೆ ಕೇಳಿಸೋದು. ಬಲಗಿವಿ ರಜೆ ಹಾಕಿ ಎರಡು ವರ್ಷ ಆಯ್ತು. ಎಡಗಿವಿ ಅರ್ಧ ದಿನ ಬರುತ್ತೆ. ಬರಿಬೆರಳು, ಪ್ಲಾಸ್ಟಿಕ್ಕು, ಇದ್ಯಾವುದೂ ಅದರ ಹತ್ರ ಹೋಗಲ್ಲ. ಲೋಹ ಬೇಕು. ಮೂರು ಬೆರಳಿಗೂ."

ಒಂಬತ್ತು ವರ್ಷದಿಂದ ವಾರಕ್ಕೆರಡು ಸಲ ಆ ಗಿಟಾರನ್ನು ಮುಟ್ಟಿದ್ದೇನೆ. ಮನೆಯಲ್ಲಿರುವ ನನ್ನ ಆರು ತಂತಿಯದು ಅದರ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬ. ಜೀವಮಾನವಿಡೀ ಪರರ ಕೋರಿಕೆಗಳನ್ನು ಬರೆದೆ. ಸ್ವಂತಕ್ಕೆ ಏನನ್ನೂ ಕೋರಿದವಳಲ್ಲ. ಇದನ್ನು ಕೋರುತ್ತೇನೆ.

ಮಾರ್ಚ್ ೫

ವಾದ್ಯದ ಅಂಗಡಿ. ಹಿತ್ತಾಳೆ, ಉಕ್ಕು, ಅಗಲದ್ದು, ಕಿರಿದು — ಹದಿನಾಲ್ಕು ಪಿಕ್ಕುಗಳನ್ನು ಗಾಜಿನ ಮೇಲೆ ಹರವಿಸಿ ಒಂದೊಂದಾಗಿ ತೊಟ್ಟು ನೋಡಿದೆ. ಸಡಿಲವಾದದ್ದು ಜಡ್ಡಿನ ಮೇಲೆ ಬುಗುರಿಯಂತೆ ಸುತ್ತುತ್ತದೆ. ಸುತ್ತದಂತೆ ಒತ್ತಿ ಬಿಗಿಸಿದರೆ ಜಡ್ಡಿನ ಬುಡಕ್ಕೆ ಕಡಿಯುತ್ತದೆ.

"ಅಮ್ಮ, ಇದು ಎಲ್ಲರಿಗೂ ಆಗೋ ಸೈಜು" ಎಂದ ಅಂಗಡಿಯವನು.

"ಹಾಗಾದರೆ ಎಲ್ಲರ ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟುಹೋಗಿದೆ. ಇನ್ನೊಂದು ಡಬ್ಬ ತೆಗೆಯಿರಿ."

ತೆಗೆದ. ಅದರಲ್ಲೂ ಬಿಟ್ಟುಹೋಗಿತ್ತು. ಆದರೂ ಅಗಲದ ಹಿತ್ತಾಳೆಯದೊಂದನ್ನು ತಂದಿದ್ದೇನೆ. ಇದು ಒಗ್ಗೀತು ಎಂದು ಮನಸ್ಸು ಹೇಳುತ್ತಿದೆ. ನಾಳೆ ಐದು ಗಂಟೆಗೇ ಏಳತಕ್ಕದ್ದು.

ಮಾರ್ಚ್ ೯, ಮಧ್ಯಾಹ್ನ

ಒಗ್ಗಲಿಲ್ಲ. ಇಪ್ಪತ್ತನೆಯ ನಿಮಿಷಕ್ಕೆ ಬೆರಳ ತುದಿ ನೇರಳೆ ಬಣ್ಣಕ್ಕೆ ತಿರುಗಿತು. ನಾನು ನೋಡಿದ್ದೆ, ಧಾಟಿಯ ಕೊನೆಯ ಓಟ ಮುಗಿಯಲಿ ಎಂದು ಸುಮ್ಮನಿದ್ದೆ. ತಂಗಿ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅವಳ ಕಣ್ಣಿಗೆ ಬಣ್ಣ ಮೊದಲು ಬೀಳುತ್ತದೆ, ಸಂಗೀತ ಆಮೇಲೆ.

"ತೆಗಿ ಅದನ್ನ. ಈಗಲೇ ತೆಗಿ. ಗಿಟಾರ್ ಬರೋ ಹೊತ್ತಿಗೆ ಬೆರಳು ಇರಬೇಕೋ ಬೇಡವೋ?"

ಪಿಕ್ಕಿನ ಒಳಗೆ ಗಾಯದ ಪಟ್ಟಿ ಅಂಟಿಸಿ ನೋಡಿದಳು. ಬೆವರಿಗೆ ಕಿತ್ತು ಬಂತು. ಹಳೆಯ ಕೈಗವಸಿನ ರಬ್ಬರು ಕತ್ತರಿಸಿ ತೊಡಿಸಿದಳು. ಬೆರಳಿಗೆ ಪಿಕ್ಕಿನ ಸುಳಿವೇ ಸಿಗದಾಯಿತು. ಕೊನೆಗೆ ಬೆರಳನ್ನೇ ಬೆಳಕಿಗೆ ಹಿಡಿದು ನೋಡಿ ತೀರ್ಪು ಕೊಟ್ಟಳು —

"ಪಿಕ್ಕುಗಳನ್ನ ಬೈದು ಪ್ರಯೋಜನ ಇಲ್ಲ, ಅಕ್ಕ. ಈ ಜಡ್ಡು ಕೆತ್ತಿಸಿಬಿಡು. ಚರ್ಮದ ಡಾಕ್ಟರಿಗೆ ಐದು ನಿಮಿಷದ ಕೆಲಸ."

ಫೋನು ಮಾಡಿ ಹದಿನಾರನೆಯ ತಾರೀಕು ಪಡೆದೂ ಬಿಟ್ಟಳು. ನಾನು ಬೇಡವೆನ್ನಲಿಲ್ಲ. ಹನ್ನೊಂದೂವರೆಗೆ ಹೋಗತಕ್ಕದ್ದು.

ಮಾರ್ಚ್ ೧೬

ಹೋದೆ. ಡಾಕ್ಟರು ಬೆರಳನ್ನು ದೀಪದ ಕೆಳಗಿಟ್ಟು ತಿರುಗಿಸಿ ನೋಡಿದರು. ತಟ್ಟೆಯಲ್ಲಿ ಬ್ಲೇಡು.

"ಎಷ್ಟು ವರ್ಷದ್ದು ಇದು?"

"ಮೂವತ್ತಾರು."

"ನೋವಾಗಲ್ಲ. ಸತ್ತ ಚರ್ಮ ಅಷ್ಟೇ."

ಸತ್ತ ಚರ್ಮ... ನಲ್ಲಿ ಹಾಕಿಸಿಕೊಡಿ ಎಂದು ನಾಲ್ಕು ಸಲ ಬರೆಸಿಕೊಂಡ ವಿಧವೆ. ಕಾಯಿಲೆಯ ತಾಯಿಯ ಹತ್ತಿರಕ್ಕೆ ವರ್ಗ ಬೇಡಿದ ಕಾವಲುಗಾರ. ಪ್ರತಿಯೊಂದೂ ಈ ಜಾಗದ ಮೇಲೆ ಒರಗಿಕೊಂಡೇ ಕಾಗದಕ್ಕೆ ಇಳಿಯಿತು. ನಾನು ಬರೆದ ಶುದ್ಧಪ್ರತಿಯಲ್ಲಿ ಒಂದೇ ಒಂದು ಅಕ್ಷರ ಹೊಡೆದುಹಾಕಿದ್ದು ಇಲ್ಲವೆಂದು ಮೇಲಧಿಕಾರಿಗಳೇ ಲಿಖಿತವಾಗಿ ತಿಳಿಸಿದ್ದಾರೆ. ಕಾಗದ ಇಂದಿಗೂ ಬೀರುವಿನಲ್ಲಿದೆ.

ಕೈ ಹಿಂದಕ್ಕೆಳೆದುಕೊಂಡೆ. ವಂದನೆ ತಿಳಿಸಿ ಎದ್ದು ಬಂದೆ.

ಮೆಟ್ಟಿಲಿಳಿಯುವಾಗ ತಂಗಿಯ ಮುಖ ನೋಡುವಂತಿರಲಿಲ್ಲ. "ಬಂಗಾರದ ಬಳೆಗೆ ಜಂಬ ಪಡೋರನ್ನ ನೋಡಿದ್ದೀನಿ. ಜಡ್ಡಿಗೆ ಜಂಬ ಪಡೋಳು ನೀನೊಬ್ಬಳೇ. ಹನ್ನೆರಡು ದಿನ ಇದೆ. ಏನು ಮಾಡ್ತೀಯಾ?"

ನೆಲಮಹಡಿಗೆ ಬಂದಾಗ ಅವಳೇ ತಟ್ಟನೆ ನಿಂತಳು. ಅಲ್ಲೊಂದು ಕಿರುಕೋಣೆ. ಕಪಾಟಿನ ತುಂಬ ಸುಣ್ಣಬಣ್ಣದ ದವಡೆಗಳು, ಬಾಯಿ ತೆರೆದುಕೊಂಡು. ಹಲ್ಲಿನ ಸೆಟ್ಟು ಮಾಡುವವನ ಜಾಗ. ಅವಳ ಆಸ್ಪತ್ರೆಯ ದಿನಗಳಿಂದ ಗುರುತು.

"ಏನಪ್ಪಾ, ಬಾಯಿಗೆ ಮಾತ್ರಾನಾ, ಬೆರಳಿಗೂ ಮಾಡ್ತೀಯಾ?"

"ಬೆರಳಿಗೆ ಹಲ್ಲಾ, ಸಿಸ್ಟರ್?"

"ಹೆಚ್ಚುಕಡಿಮೆ."

ನನ್ನ ಚೀಲದಿಂದ ಪಿಕ್ಕು ತೆಗೆದು ಅವನ ಅಂಗೈಗಿಟ್ಟೆ. ತಿರುಗಿಸಿ ನೋಡಿದ. ನನ್ನ ಬೆರಳು ನೋಡಿದ. ಪುನಃ ಪಿಕ್ಕು ನೋಡಿದ. ಅವನ ಹುಬ್ಬು ಮೇಲೇರಿದ ರೀತಿಯಲ್ಲೇ ನನಗೆ ಅರ್ಧ ಉತ್ತರ ಸಿಕ್ಕಿತು. "ಒಬ್ಬೊಬ್ಬರ ದವಡೆ ಒಂದೊಂದು ಥರ. ಬೆರಳು ಮಾತ್ರ ಎಲ್ಲರದ್ದೂ ಒಂದೇ ಅಂತ ಇದನ್ನ ಮಾಡಿದೋರಿಗೆ ಯಾರು ಹೇಳಿದ್ರು?"

ಹದಿನಾಲ್ಕು ದಿನಗಳಲ್ಲಿ ಕೇಳಿದ ಮೊದಲ ವಿವೇಕದ ಮಾತು.

ಮಾರ್ಚ್ ೧೮

ಅಚ್ಚು ತೆಗೆದಾಯಿತು. ಲೋಟದಲ್ಲಿ ಗುಲಾಬಿ ಹಿಟ್ಟು ಕಲಸಿದ. ಬೆರಳು ಅದ್ದಿ ಮೂರು ನಿಮಿಷ. ತಣ್ಣಗೆ, ಆಮೇಲೆ ಗಟ್ಟಿ. ಬೆರಳು ಹೊರಗೆ ತೆಗೆದಾಗ ಉಳಿದ ಕುಳಿಯೊಳಗೆ ಗಾರೆ ಸುರಿದರೆ ನನ್ನದೇ ಬೆರಳಿನ ಪ್ರತಿ — ಗೆರೆ, ಉಗುರು, ಜಡ್ಡು ಸಮೇತ. ನಕಲು ಕೆಲಸ ನನಗೆ ಹೊಸದಲ್ಲ; ನನ್ನನ್ನೇ ನಕಲು ಮಾಡಿದ್ದು ಇದೇ ಮೊದಲು. ಆ ಪ್ರತಿಯ ಮೇಲೆ, ಹಲ್ಲಿನ ಚೌಕಟ್ಟಿಗೆ ಬಳಸುವ ಲೋಹದಲ್ಲಿ, ಪಿಕ್ಕು. ಮೂರು ದಿನ ಕೇಳಿದ್ದಾನೆ.

ಮೂರು ದಿನ.

ಮಾರ್ಚ್ ೨೧

ತೊಟ್ಟೆ. ಕನ್ನಡಿಯಂಥ ಹೊಳಪು. ಸುತ್ತಲಿಲ್ಲ, ಒತ್ತಲಿಲ್ಲ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮನೆಗೆ ಬಂದು ಗಿಟಾರು ಎಳೆದುಕೊಂಡು ಬೆರಳು ಮಡಚಿದೆ — ಜಡ್ಡಿನ ಬುಡಕ್ಕೆ ಕಚ್ಚಿತು.

"ಹಲ್ಲು ಮಾಡೋನ ಹತ್ರ ಮಾಡಿಸಿದ್ರೆ ಕಚ್ಚದೆ ಇರುತ್ತಾ?" ಎಂದಳು ತಂಗಿ.

ತಪ್ಪು ನನ್ನದು. ಒಪ್ಪಿಕೊಳ್ಳುತ್ತೇನೆ. ಅಚ್ಚಿನ ದಿನ, ಹಾಜರಿ ಕೂಗಿದಾಗ ಎದ್ದು ನಿಂತವಳಂತೆ ಬೆರಳನ್ನು ನೆಟ್ಟಗೆ ಹಿಡಿದಿದ್ದೆ. ನುಡಿಸುವವರು ಯಾರಾದರೂ ಬೆರಳು ನೆಟ್ಟಗಿಟ್ಟು ನುಡಿಸುತ್ತಾರೆಯೇ? ಮಡಚಿದೊಡನೆ ಜಡ್ಡು ಪಕ್ಕಕ್ಕೆ ಉಬ್ಬುತ್ತದೆ. ಈ ಲೋಹ ಒಂದು ಕೂದಲೆಳೆಯಷ್ಟೂ ಬಗ್ಗುವುದಿಲ್ಲ.

ಏಳು ದಿನ ಉಳಿದಿವೆ. ಆದರೆ ಬೇಸರವಿಲ್ಲ. ಎಲ್ಲಿ ತಪ್ಪಿತೆಂದು ಗೊತ್ತಾದ ಅರ್ಜಿ ಅರ್ಧ ಮಂಜೂರಾದಂತೆ.

ಮಾರ್ಚ್ ೨೨, ಬೆಳಿಗ್ಗೆ ೧೧

ಈಗಷ್ಟೇ ಆದದ್ದು. ಹಾಗೆಯೇ ಬರೆಯುತ್ತೇನೆ.

"ನುಡಿಸೋವಾಗ ಹೇಗೆ ಮಡಚ್ತೀರೋ ಹಾಗೇ ಹಿಡೀರಿ ದೊಡ್ಡಮ್ಮ. ಮೂರು ನಿಮಿಷ ಅಲ್ಲಾಡಬಾರದು" ಎಂದ ಸೆಟ್ಟಿನವನು.

ಹಿಡಿದೆ. ತಂತಿಯ ಆಸರೆಯಿಲ್ಲದೆ, ಬರಿಗಾಳಿಯಲ್ಲಿ. ಒಂದು ನಿಮಿಷಕ್ಕೆ ಬೆರಳು ನಡುಗಿತು. ಹಿಟ್ಟು ಕದಡಿತು. ಎರಡನೆಯ ಲೋಟ, ಅದೂ ಕದಡಿತು. ಅಪ್ಪಣೆ ಮಾಡಿದರೆ ಕೇಳದ ಬೆರಳು ನನ್ನದೆಂದು ಒಪ್ಪುವುದಕ್ಕೆ ಬಹಳ ಕಷ್ಟವಾಯಿತು. ಅವನು ತಲೆ ಕೆರೆದುಕೊಳ್ಳುತ್ತಿದ್ದ.

ತಂಗಿ ನನ್ನ ಚೀಲಕ್ಕೆ ಕೈ ಹಾಕಿ ಪೆನ್ನು ತೆಗೆದು ಬೆರಳುಗಳ ನಡುವೆ ಇಟ್ಟಳು. "ಇದನ್ನ ಹಿಡ್ಕೋ, ಬೆರಳು ಅದೇ ಥರ ಮಡಚುತ್ತೆ. ಇದಾದ್ರೆ ಮೂವತ್ತಾರು ವರ್ಷ ಅಲ್ಲಾಡಿಲ್ಲ."

ಅಲ್ಲಾಡಲಿಲ್ಲ.

ಪೆನ್ನಿನ ಸಮೇತ ನಡುಬೆರಳಿಗೆ ಹಿಟ್ಟು ಮೆತ್ತಿದ. ಮೂರು ನಿಮಿಷದ ಜಾಗದಲ್ಲಿ ಐದು ನಿಮಿಷ ಕೂತೆ, ಕಲ್ಲಿನಂತೆ. ಮನಸ್ಸಿನಲ್ಲಿ ಒಂದು ಅರ್ಜಿಯ ಪೂರ್ವಪೀಠಿಕೆಯನ್ನು ಮೊದಲಿಂದ ಕೊನೆಯವರೆಗೆ ಬರೆದು ಮುಗಿಸಿದೆ. ಪೆನ್ನಿನ ಗುರುತೂ ಅಚ್ಚಿನಲ್ಲಿ ಬಿತ್ತಲ್ಲ, ಕೆಟ್ಟಿತೇನೋ ಎಂದು ಕೇಳಿದೆ. "ಇರಲಿ ಬಿಡಿ. ಅಲ್ಲಿ ಪೆನ್ನಿದ್ರೆ ಅಲ್ಲಿ ಲೋಹ ಬೇಡ. ಅಚ್ಚು ಹೇಳಿದ ಹಾಗೆ ನಾನು ಕೇಳ್ತೀನಿ" ಎಂದ.

ಮಾರ್ಚ್ ೨೫, ಸಂಜೆ

ಬಂತು.

ಬೆರಳನ್ನು ಎರಡೂ ಕಡೆಯಿಂದ ತಬ್ಬುವ ತೆಳುಪಟ್ಟಿ. ಪೆನ್ನು ಕೂರುತ್ತಿದ್ದ ಕಡೆ ಮಾತ್ರ ಒಂದು ಪುಟ್ಟ ಕಿಟಕಿ. ಕಿಟಕಿಯಿಂದ ಜಡ್ಡು ಹೊರಗೆ ಇಣುಕಿ ನೋಡುತ್ತದೆ, ಯಾರಿಗೂ ಅಡ್ಡ ಬಾರದೆ. ಅದು ಉಬ್ಬಿದಷ್ಟೂ ಪಿಕ್ಕು ಭದ್ರ, ಅಗುಳಿ ಹಾಕಿದಂತೆ. ಅಂಗಡಿಯ ಎರಡು ಡಬ್ಬದ ಪಿಕ್ಕುಗಳನ್ನೆಲ್ಲ ಕೆಡವಿದ ಜಡ್ಡು ಇದೊಂದನ್ನು ಹಿಡಿದು ನಿಲ್ಲಿಸಿದೆ.

ಒಂದೂವರೆ ಗಂಟೆ ನುಡಿಸಿದೆ. ಒಂದು ಸಲವೂ ಸುತ್ತಲಿಲ್ಲ. ತುದಿ ಕೆಂಪಗೆ, ಆರೋಗ್ಯವಾಗಿ ಇದೆಯೆಂದು ತಂಗಿ ಪರೀಕ್ಷಿಸಿ ಪ್ರಮಾಣೀಕರಿಸಿದ್ದಾಳೆ. ಬಿಸ್ಕತ್ತಿನ ಡಬ್ಬದಿಂದ ಇಂಥ ದನಿ ಹೊರಡುತ್ತದೆಂದು ನನಗೇ ತಿಳಿದಿರಲಿಲ್ಲ. ಎದುರುಮನೆಯಾಕೆ ಕಿಟಕಿ ತೆರೆದರು. ಗದರಲೆಂದು ತಿಳಿದೆ. ಕುರ್ಚಿ ಎಳೆದುಕೊಂಡು ಕೂತರು.

ಮಾರ್ಚ್ ೨೭

ಬರೆಯಲು ಪುರಸೊತ್ತಿಲ್ಲ. ನುಡಿಸುತ್ತಿದ್ದೇನೆ.

ಮಾರ್ಚ್ ೨೮, ರಾತ್ರಿ ೮

ಮೇಷ್ಟ್ರ ಮುಂಗೋಣೆ. ಗೋಡೆಯುದ್ದಕ್ಕೂ ಕಟ್ಟಿಟ್ಟ ಪೆಟ್ಟಿಗೆಗಳು. ನಡುವೆ ಎರಡು ಕುರ್ಚಿ, ಒಂದು ಗಿಟಾರು.

ಮ್ಯಾನೇಜರ್ ಬಾಗಿಲಲ್ಲೇ ನನ್ನ ಕಿವಿಯ ಹತ್ತಿರ ಬಂದರು. "ಮೇಡಂ, ಲೋಹದ್ದು ನನಗೂ ಆಗಿ ಬರ್ಲಿಲ್ಲ. ಪ್ಲಾಸ್ಟಿಕ್ಕೇ ತಂದಿದ್ದೀನಿ. ಮೇಷ್ಟ್ರಿಗೆ ಎಲ್ಲಿ ಗೊತ್ತಾಗುತ್ತೆ?"

ಗೊತ್ತಾಗುತ್ತದೆಂದು ಸ್ಪಷ್ಟವಾಗಿ ತಿಳಿಸಿದೆ. ಚೀಲದಲ್ಲಿದ್ದ ಅಗಲದ ಹಿತ್ತಾಳೆಯದನ್ನೂ ಮುಂದೆ ಹಿಡಿದೆ. ಎದುರಾಳಿಯ ಕೊರತೆಯಿಂದ ಬಂದ ಗಿಟಾರು ನನಗೆ ಬೇಡ. ಅವರು ನಕ್ಕು, ಕೈ ಮುಗಿದು ಬೇಡವೆಂದರು.

ಮೊದಲು ಅವರು. ಸೊಗಸಾದ ಕೈ, ಅಸೂಯೆ ಪಡುವಂಥದ್ದು. ಮೇಷ್ಟ್ರು ಕಣ್ಣು ಮುಚ್ಚಿ, ಎಡಗಿವಿ ಮುಂದೆ ಮಾಡಿ ಕೂತಿದ್ದರು. ಧಾಟಿ ಅರ್ಧಕ್ಕೆ ಬಂದಾಗ ಕಣ್ಣು ತೆರೆದರು.

"ಶುರು ಮಾಡ್ತೀರಾ?"

ಯಾರೂ ನಗಲಿಲ್ಲ. ಮ್ಯಾನೇಜರ್ ಮಾತ್ರ ತುಸು ತಡೆದು, ತಲೆಯಾಡಿಸಿ, ತಾವೇ ನಕ್ಕರು.

ಆಮೇಲೆ ನಾನು. ಎಂಟು ತಂತಿ. ಅತಿ ಸಣ್ಣ ತಂತಿಯ ಮೇಲೆ ನಡುಬೆರಳಿನದೇ ಕಾರುಬಾರು. ಮೊದಲ ಮೀಟಿಗೇ ಮೇಷ್ಟ್ರ ಹುಬ್ಬು ಅಲುಗಿತು. ಅದನ್ನು ನೋಡಿದ್ದೇ ತಪ್ಪಾಯಿತು — ಎರಡನೆಯ ಸಾಲಿನಲ್ಲಿ ಸರಳು ಒಂದು ಸ್ವರದ ಮನೆ ಹೆಚ್ಚಿಗೆ ಜಾರಿತು. ಕೊನೆಯ ಓಟದಲ್ಲಿ ಇನ್ನೊಂದು. ಇಷ್ಟು ವರ್ಷ ಒಂದಕ್ಷರ ಹೊಡೆದುಹಾಕದವಳು, ಬೇಕಾದ ದಿನವೇ ಎರಡು ಕಡೆ ಕೆಡಿಸಿದೆ. ಮುಗಿಸಿ ತಲೆ ತಗ್ಗಿಸಿ ಕೂತೆ.

ಮೇಷ್ಟ್ರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ —

"ತಪ್ಪು ಎರಡು."

"ಹೌದು, ಮೇಷ್ಟ್ರೇ."

"ಎರಡೂ ಕೇಳಿಸ್ತು." ಎಡಗಿವಿ ಮುಟ್ಟಿಕೊಂಡರು. "ಎರಡು ವರ್ಷ ಆಯ್ತಮ್ಮ, ಯಾರ ತಪ್ಪೂ ಕೇಳಿರ್ಲಿಲ್ಲ ನಾನು. ನುಡಿಸಿ, ಇನ್ನೊಂದ್ಸಲ ನುಡಿಸಿ. ತಪ್ಪೂ ಹಾಗೇ ಇರ್ಲಿ."

ಮೂರು ಸಲ ನುಡಿಸಿದೆ. ಗಿಟಾರನ್ನು ಬಾಡಿಗೆ ಕಾರಿನವರೆಗೆ ಹೊತ್ತು ತಂದವರು ಮ್ಯಾನೇಜರ್. ಪಿಕ್ಕು ಮಾಡಿದವನ ವಿಳಾಸ ಬರೆಸಿಕೊಂಡರು.

ಈಗ ಅದು ಎದುರಿಗಿದೆ, ಮೇಜಿನ ಮೇಲೆ, ಉದ್ದಕ್ಕೆ. ತಂಗಿ ಎರಡು ಸಲ ಬಂದು ಒರೆಸಿ ಹೋದಳು. ಹೆಬ್ಬೆರಳಿನದನ್ನೂ ತೋರುಬೆರಳಿನದನ್ನೂ ತೆಗೆದಿಟ್ಟಿದ್ದೇನೆ. ನಡುಬೆರಳಿನದನ್ನು ತೆಗೆಯಲು ಮರೆತೇ ಬರೆಯಲು ಕೂತೆನೆಂದು ಈ ಪುಟದ ಕೊನೆಗೆ ಬಂದಾಗ ತಿಳಿಯಿತು. ಪೆನ್ನು ಕಿಟಕಿಯಲ್ಲಿ, ತನ್ನ ಹಳೆಯ ಜಾಗದಲ್ಲೇ ಕೂತಿದೆ. ಒಂದಕ್ಕೊಂದು ತಕರಾರಿಲ್ಲ.

"ಬರೆದದ್ದು ಸಾಕು, ಅಕ್ಕ. ಎದುರುಮನೆಯವರು ಕುರ್ಚಿ ಹಾಕ್ಕೊಂಡು ಆಗಲೇ ಕೂತಾಯ್ತು" ಎನ್ನುತ್ತಿದ್ದಾಳೆ. ನಿಜ. ಪೆನ್ನು ಕೆಳಗಿಟ್ಟರೆ ಸಾಕು, ಕೈ ಆಗಲೇ ತಂತಿಯ ಕಡೆಗೆ —